ಎಡಕ್ಕೆ ಹೋದ ಮೂರು ಗುಂಡು

ಹಾಲಹರವಿಯ ಸುಂಕಪ್ಪ ಪೊಲೀಸರ ಹಳೇ ತ್ರೀ-ನಾಟ್-ತ್ರೀ ರೈಫಲ್‌ಗಳ ಗುರಿ ಸರಿಪಡಿಸುತ್ತ ಮೂವತ್ತು ವರ್ಷ ಕಳೆದವನು. ತಾನೇ ಮೂರು ಗುಂಡು ಹಾರಿಸಿ ನೋಡದೆ ಯಾವುದಕ್ಕೂ ಸುತ್ತಿಗೆ ಮುಟ್ಟಿಸುವವನಲ್ಲ. ಬೇರೆಯವರ ಕಣ್ಣನ್ನು ನಂಬುವವನೂ ಅಲ್ಲ. ಕಣ್ಣು ತೋರಿಸಿಕೋ ಎಂದ ಹೆಂಡತಿಗೆ ಗದರಿದ್ದ.

ಆ ಬೆಳಿಗ್ಗೆ ಆದೋನಿಯ ಹೊರಗೆ, ಗುಡ್ಡದ ಬುಡದಲ್ಲಿ ಅವನು ಹಾರಿಸಿದ ಮೂರೂ ಗುಂಡು ಎಡಕ್ಕೆ ಹೋದವು. ಗುರಿ ಸರಿಯಾಗಬೇಕಾದರೆ, ಗುಂಡು ಹೋದ ಕಡೆಗೇ ನಳಿಗೆಯ ತುದಿಯ ಫೋರ್‌ಸೈಟನ್ನು, ಅಂದರೆ ಗುರಿಮೊನೆಯನ್ನು, ಕೂದಲೆಳೆಯಷ್ಟು ತಟ್ಟಬೇಕು. ಹೋದ ವಾರ ಹನ್ನೊಂದು ರೈಫಲ್‌ಗಳನ್ನು ಹಾಗೇ ತಟ್ಟಿ, ರುಜು ಹಾಕಿ ಠಾಣೆಗಳಿಗೆ ಕಳಿಸಿದ್ದ. ತಟ್ಟುವ ಮುಂಚೆ ಅವನ ಕೈಯಲ್ಲಿ ಅವೂ ಎಡಕ್ಕೇ ಹೊಡೆದಿದ್ದವು. ಎಲ್ಲವೂ ಎಡಕ್ಕೇ ಏಕೆ? ಎತ್ತಿದ ಸುತ್ತಿಗೆಯನ್ನು ಕೆಳಗಿಟ್ಟ.

"ಹಾರಿಕಾ, ನೀ ಹೊಡಿಯವ್ವ."

ಕಾನ್‌ಸ್ಟೆಬಲ್ ಹಾರಿಕಾ ಬೋರಲು ಮಲಗಿ ಹೊಡೆದಳು. ಮೂರೂ ನಟ್ಟನಡುವೆ ಬಿದ್ದವು.

"ರೈಫಲ್ ಚೆಂದ ಐತಲ್ರಿ ಸರ್!"

ಸುಂಕಪ್ಪ ಬಲಗಣ್ಣು ಉಜ್ಜಿಕೊಂಡ. ಗುರಿಹಲಗೆ ಮಂಜುಮಂಜಾಗಿಯೇ ಇತ್ತು.

"ಐತವ್ವ. ಹೋದ ವಾರದ ಹನ್ನೊಂದೂ ಚೆಂದನ ಇದ್ವು," ಎಂದ. "ನಾ ತಟ್ಟೋ ತನಕ."