ಮಂಡಕ್ಕಿಯ ಮಡಿ-ಮೈಲಿಗೆ

ನಾನು ಈಗ ಹೇಳುವುದನ್ನು ನೀವು ನಂಬುವುದಿಲ್ಲ. ಬೇಜಾರಿಲ್ಲ, ನಮ್ಮ ಕಾಲೇಜಿನಲ್ಲೂ ಯಾರೂ ನಂಬಿಲ್ಲ. ತೆಂಗಿನಕಾಯಿಗಿಂತ ಸ್ವಲ್ಪ ದೊಡ್ಡದು, ಕುಂಬಳಕಾಯಿಗಿಂತ ಬಹಳ ಚಿಕ್ಕದು ಅನ್ನಬಹುದಾದ ಒಂದು ಪ್ರಾಣಿ ಚನ್ನಗಿರಿಯ ಒಂದು ಮರ್ಯಾದಸ್ಥ ಮನೆಯನ್ನು ಇಡೀ ಒಂದು ಮಳೆಗಾಲ ಒದ್ದೆಯಾಗಿಟ್ಟಿತು ಎಂದರೆ ಯಾರು ತಾನೇ ನಂಬುತ್ತಾರೆ? ಮಳೆ ಹೊರಗೆ ಸುರಿದದ್ದಕ್ಕಿಂತ ನಮ್ಮ ಮನೆಯೊಳಗೆ ಸುರಿದದ್ದೇ ಹೆಚ್ಚು. ಹೊರಗಿನದು ಕೆರೆಗೆ ಹೋಯಿತು, ಒಳಗಿನದನ್ನು ನಾನು ಒರೆಸಿದೆ.

ಪ್ರಾಣಿ ಪಾಮೇರಿಯನ್ ಜಾತಿಯ ನಾಯಿಮರಿ. ಹೊನ್ನಾಳಿಯ ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ನಾನು ಎಸ್ಸೆಸ್ಸೆಲ್ಸಿ ಪಾಸಾದ ಖುಷಿಗೆ ಅದನ್ನು ಮಂಡಕ್ಕಿ ಚೀಲದಲ್ಲಿ ಕೂರಿಸಿಕೊಂಡು ಬಸ್ಸಿನಲ್ಲಿ ತಂದ. ಚೀಲದ ಬಾಯಿ ಬಿಚ್ಚಿದಾಗ ಒಳಗೆ ಉಳಿದಿದ್ದ ಮಂಡಕ್ಕಿ ಯಾವುದು, ಮರಿ ಯಾವುದು ಎಂದು ಗೊತ್ತಾಗದಷ್ಟು ಬೆಳ್ಳಗಿತ್ತು. ಹೆಸರಿಗಾಗಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಮಂಡಕ್ಕಿ ಎಂದೇ ಆಯಿತು.

"ಇದು ನಾಯೇನೇ? ಬಟ್ಟೆ ತಿಕ್ಕೋ ಬ್ರಷ್ಷೇನೇ?" ಎಂದಳು ಅಜ್ಜಿ, ಮೂಗಿನ ಮೇಲೆ ಸೆರಗಿಟ್ಟುಕೊಂಡು.

ಅಪ್ಪಾಜಿಗೆ ಪಂಪು, ಪೈಪು ಮಾರುವ ಅಂಗಡಿ. ಯಾವ ವಸ್ತುವನ್ನೇ ಕಂಡರೂ ಅದು ಎಷ್ಟು ನೀರು ಎತ್ತುತ್ತದೆ ಎಂದು ಯೋಚಿಸುವುದು ಅವರ ಅಭ್ಯಾಸ. ಮರಿಯನ್ನು ಒಂದು ಕೈಯಲ್ಲಿ ತೂಗಿ ನೋಡಿದರು. "ಕಳ್ಳ ಬಂದ್ರೆ ಮೊದಲು ಇದನ್ನೇ ಜೇಬಿಗೆ ಹಾಕ್ಕಂಡು ಹೋಗ್ತಾನೆ," ಎಂದರು. ಮಂಡಕ್ಕಿ ಅವರ ಅಂಗೈ ಮೇಲೆಯೇ ತನ್ನ ಉತ್ತರ ಕೊಟ್ಟಿತು. ಎಷ್ಟು ನೀರು ಎತ್ತುತ್ತದೋ ಗೊತ್ತಾಗಲಿಲ್ಲ, ಎಷ್ಟು ಬಿಡುತ್ತದೆ ಎಂಬುದು ಮಾತ್ರ ಸ್ಪಷ್ಟವಾಯಿತು.

ಅಲ್ಲಿಂದ ಶುರು. ನಡುಮನೆಯ ಕಂಬದ ಬುಡ, ಅಡುಗೆಮನೆಯ ಹೊಸಲು, ಅಜ್ಜಿಯ ಮಂಚದ ಪಕ್ಕ, ಈ ಮೂರು ಅದಕ್ಕೆ ತೀರ್ಥಕ್ಷೇತ್ರಗಳಾದವು. ಒಂದು ದಿನ ಅಪ್ಪಾಜಿ ಪೂಜೆಗೆಂದು ಮಡಚಿಟ್ಟಿದ್ದ ಬಿಳಿ ಪಂಚೆ ಕಂಬದ ಹತ್ತಿರ ಜಾರಿ ಬಿದ್ದಿತ್ತು. ಮುಂದಿನದನ್ನು ನಾನು ಹೇಳಬೇಕಿಲ್ಲ. ಅಪ್ಪಾಜಿ ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು ತೀರ್ಪು ಕೊಟ್ಟರು.

"ಮುಂದಿನ ಅಮಾವಾಸ್ಯೆ ಒಳಗೆ ಇದಕ್ಕೆ ಹೊರಗೆ ಹೋಗಾಕೆ ಕಲಿಸು. ಇಲ್ಲಾಂದ್ರೆ ಜಗಳೂರಿಗೆ ಕಳಿಸ್ತೀನಿ, ನೋಡು."

ಜಗಳೂರಿನಲ್ಲಿ ನಮ್ಮ ದೊಡ್ಡಮ್ಮ ಇದ್ದಾಳೆ. ಅವರ ಮನೆಯಲ್ಲಿ ಕುರಿ ಹಿಂಡು ಇದೆ, ಹಿಂಡು ಕಾಯಲು ಕರುಗಳಷ್ಟು ಎತ್ತರದ ನಾಯಿಗಳಿವೆ. ಅವು ಮಂಡಕ್ಕಿಯನ್ನು ತಿಂಡಿ ಎಂದುಕೊಳ್ಳುತ್ತವೆ. ಅವುಗಳಿಂದ ತಪ್ಪಿಸಿಕೊಂಡರೂ ದೊಡ್ಡಪ್ಪ ಅದನ್ನು ಕುರಿಮರಿ ಎಂದುಕೊಂಡು ಸಂತೆಗೆ ಹೊಡೆದುಕೊಂಡು ಹೋಗುವ ಸಾಧ್ಯತೆ ಇತ್ತು. ದೊಡ್ಡಪ್ಪನಿಗೆ ಕಣ್ಣು ಅಷ್ಟಕ್ಕಷ್ಟೇ. ನೀವು ನಗುತ್ತೀರಿ, ನನಗೆ ಮಾತ್ರ ಅನ್ನ ಸೇರಲಿಲ್ಲ. ಆ ಹೊತ್ತಿಗಾಗಲೇ ಮಂಡಕ್ಕಿ ನನ್ನ ಕಾಲಿನ ಮೇಲೆ ಗದ್ದ ಇಟ್ಟು ಮಲಗಲು ಶುರು ಮಾಡಿತ್ತು. ಹಾಗೆ ಮಲಗಿದ ನಾಯಿಯನ್ನು ಸಂತೆಗೆ ಕಳಿಸುವುದು ಹೇಗೆ?

ಹಾಗಾಗಿ ನಾನು ಗುರುವಾದೆ. ಮೊಬೈಲಿನಲ್ಲಿ ನಾಯಿ ಪಳಗಿಸುವ ವಿಡಿಯೋಗಳನ್ನೆಲ್ಲ ನೋಡಿದೆ. ಅವುಗಳಲ್ಲಿ ಯಾವನೋ ವಿದೇಶಿ ಮಹಾಶಯ ಹಸಿರು ಹುಲ್ಲಿನ ಮೇಲೆ ನಿಂತು ಬೆರಳು ಎತ್ತುತ್ತಾನೆ, ನಾಯಿ ಕೂರುತ್ತದೆ. ನಾನು ನಮ್ಮ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನಿಂತು ಬೆರಳು ಎತ್ತಿದೆ. ಮಂಡಕ್ಕಿ ಬೆರಳು ಕಚ್ಚಿತು. ನಾನು ಇಂಗ್ಲಿಷಿನಲ್ಲಿ ಆಜ್ಞೆ ಮಾಡಿದರೆ ಅದು ಪಕ್ಕದ ಮನೆಯವರನ್ನು ನೋಡುತ್ತಿತ್ತು, ಅವರಿಗೆ ಹೇಳಿದ್ದೇನೋ ಎಂಬಂತೆ. ಅಜ್ಜಿ ಒಳಗಿನಿಂದ "ಥೂ ಹಲ್ಕಾ!" ಎಂದರೆ ಮಾತ್ರ ಬಾಲ ಅಲ್ಲಾಡಿಸುತ್ತಾ ಓಡುತ್ತಿತ್ತು. ಅದೇ ತನ್ನ ಪೂರ್ಣ ಹೆಸರು ಎಂದು ತಿಳಿದಿತ್ತೋ ಏನೋ.

ನನ್ನ ತಾಳ್ಮೆಯನ್ನು ನಾನೇ ಹೊಗಳಿಕೊಳ್ಳಬೇಕು, ಬೇರೆ ಯಾರೂ ಹೊಗಳುವವರಿಲ್ಲ. ಹಾಲು ಕುಡಿದ ಕೂಡಲೇ ಹಿತ್ತಲಿಗೆ, ನಿದ್ದೆಯಿಂದ ಎದ್ದ ಕೂಡಲೇ ಹಿತ್ತಲಿಗೆ, ಆಟವಾಡಿ ಸುಸ್ತಾದ ಕೂಡಲೇ ಹಿತ್ತಲಿಗೆ. ಅಲ್ಲಿ ಕೆಲಸ ಮುಗಿಸಿದರೆ ಹೊಗಳಿಕೆ, ಜೊತೆಗೆ ಬಹುಮಾನವಾಗಿ ಒಂದೆರಡು ಕಾಳು ಮಂಡಕ್ಕಿ. ಚಪ್ಪಲಿ ಕಚ್ಚಿದರೆ ಬೈಯದೆ ಹಗ್ಗದ ತುಂಡು ಕೊಡುವುದು. ಅತಿಥಿಗಳ ಮೇಲೆ ಹಾರಿದರೆ ಬೆನ್ನು ತಿರುಗಿಸಿ ನಿಲ್ಲುವುದು. ಇವೆಲ್ಲ ಅದಕ್ಕೆ ಬೇಗ ಬಂದವು. ಅಮ್ಮನ ಕಾಲ್ಗೆಜ್ಜೆ ಕಚ್ಚುವುದನ್ನು ಬಿಟ್ಟಿತು, ಕೈ ಕೇಳಿದರೆ ಕೈ ಕೊಡತೊಡಗಿತು. ಹಿತ್ತಲಿನಲ್ಲೂ ಶಿಸ್ತಾಗಿ ಕೆಲಸ ಮುಗಿಸುತ್ತಿತ್ತು. ಆಮೇಲೆ ಒಳಗೆ ಬಂದು, ಇನ್ನೂ ಸ್ವಲ್ಪ ಬಾಕಿ ಇದೆ ಎಂಬಂತೆ, ಕಂಬದ ಬುಡದಲ್ಲಿ ಕಾಲಗಲಿಸಿ ನಿಲ್ಲುತ್ತಿತ್ತು. ನ್ಯಾಮತಿಯಿಂದ ಬರುವ ನನ್ನ ಗೆಳತಿಯ ಮನೆಯಲ್ಲಿ ದೊಡ್ಡ ಲ್ಯಾಬ್ರಡಾರ್ ಇದೆ. ಅದು ಹುಟ್ಟಿದಾಗಿನಿಂದ ಒಳಗೆ ಒಂದು ಹನಿ ಬಿಟ್ಟಿಲ್ಲವಂತೆ. ಅವಳ ಮಾತನ್ನು ನಂಬುವುದಾದರೆ ಅದು ಬಾಗಿಲನ್ನೂ ತಾನೇ ಹಾಕಿಕೊಳ್ಳುತ್ತದೆ. ನಾನು ಉತ್ಪ್ರೇಕ್ಷೆ ಮಾಡುವವಳಾದರೂ ಅಷ್ಟು ಮಾಡುವುದಿಲ್ಲ.

ನಾಯಿಗಳ ಬಗ್ಗೆ ನಮ್ಮ ಹಿರಿಯರು ಗಾದೆ ಕಟ್ಟಿದ್ದನ್ನು ನೋಡಿದರೆ ಅವರಲ್ಲಿ ಒಬ್ಬರೂ ನಾಯಿಮರಿ ಸಾಕಿರಲಿಲ್ಲ ಅನ್ನಿಸುತ್ತದೆ. ನಾಯಿ ಬಾಲ ಡೊಂಕು ಅಂತೆ. ಸ್ವಾಮಿ, ನಮ್ಮ ಮಂಡಕ್ಕಿಗೆ ಬಾಲ ಡೊಂಕಾಗಿರುವುದಕ್ಕೇ ಬೆಲೆ, ನೆಟ್ಟಗಾದರೆ ಅದು ಜಾತಿನಾಯಿಯೇ ಅಲ್ಲ ಅನ್ನುತ್ತಾರೆ. ನಾಯಿಗೆ ಕೆಲಸವಿಲ್ಲ, ನಿಲ್ಲಲು ಪುರಸೊತ್ತಿಲ್ಲ ಅಂತೆ. ನಿಲ್ಲಲು ಪುರಸೊತ್ತು ಬೇಕಾದಷ್ಟಿತ್ತು. ಎಲ್ಲಿ ನಿಲ್ಲುತ್ತದೆ ಎಂಬುದೇ ನಮ್ಮ ಸಮಸ್ಯೆ.

ನನಗೆ ಜ್ಞಾನೋದಯವಾದದ್ದು ಬಸ್ ಸ್ಟ್ಯಾಂಡಿನಲ್ಲಿ. ಇಂಥ ವಿಷಯದಲ್ಲಿ ಜ್ಞಾನೋದಯವಾಗಲು ಅದಕ್ಕಿಂತ ತಕ್ಕ ಜಾಗ ಇಲ್ಲ. ತ್ಯಾವಣಿಗೆಯ ಶಾಲೆಯಲ್ಲಿ ಪಾಠ ಹೇಳುವ ಅಮ್ಮನನ್ನು ಬಸ್ಸಿಗೆ ಹತ್ತಿಸಲು ಹೋಗಿದ್ದೆ. ಅಲ್ಲೊಂದು ಗೋಡೆ ಇದೆ. "ಇಲ್ಲಿ ಮೂತ್ರ ಮಾಡಬಾರದು" ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ, ಕೆಳಗೆ ದೇವರ ಚಿತ್ರದ ಟೈಲ್ಸ್ ಕೂಡ ಅಂಟಿಸಿದ್ದಾರೆ. ದೂರದೂರಿನಿಂದ ಬಂದವರು, ಚನ್ನಗಿರಿಯನ್ನು ಜೀವನದಲ್ಲಿ ಮೊದಲ ಸಲ ನೋಡುತ್ತಿರುವವರು, ಬಸ್ಸಿಳಿದು ಯಾರನ್ನೂ ಕೇಳದೆ ನೇರ ಅದೇ ಗೋಡೆಗೆ ಹೋಗುತ್ತಾರೆ. ಟೈಲ್ಸ್ ಇರುವ ಕಡೆಯಿಂದ ಎರಡು ಹೆಜ್ಜೆ ಸರಿಯುತ್ತಾರೆ, ಅಷ್ಟೇ ಭಕ್ತಿ. ಬರಹ ಹೇಳುವುದನ್ನು ಕಣ್ಣು ಓದುತ್ತದೆ, ಮೂಗು ಓದುವುದೇ ಬೇರೆ. ಹಳೆಯ ವಾಸನೆ "ಬಾ, ಇಲ್ಲೇ" ಎಂದು ಕರೆಯುತ್ತದೆ. ಓದಿದ ಮನುಷ್ಯನ ಕಥೆಯೇ ಹೀಗಾದರೆ ಮಂಡಕ್ಕಿಯದೇನು ತಪ್ಪು? ನಮ್ಮ ಮನೆಯ ಕಂಬವೂ ಕರೆಯುತ್ತಿರಬೇಕು!

ಆದರೆ ಕಂಬದ ಬುಡವನ್ನು ನಾನು ಪ್ರತಿ ಸಲ ಫಿನಾಯಿಲ್ ಹಾಕಿ ಒರೆಸುತ್ತಿದ್ದೆನಲ್ಲ? ಮನೆಗೆ ಬಂದು ಬಾಗಿಲ ಮರೆಯಲ್ಲಿ ಕಾದು ಕೂತೆ. ಮಂಡಕ್ಕಿ ತನ್ನ ಕಾರ್ಯ ಮುಗಿಸಿತು. ನಾನು ಒರೆಸಿ ಮರೆಗೆ ಸರಿದೆ. ಆಗ ಬಂದಳು ಅಜ್ಜಿ. ಕೈಯಲ್ಲಿ ಮಾವಿನ ಎಲೆ, ಹಳೆ ಕೂಲ್‌ಡ್ರಿಂಕ್ ಬಾಟಲಿ. ಬಾಟಲಿಯಲ್ಲಿ ಹಿಂದಿನ ಬೀದಿಯ ಹಸುವಿನ ಗಂಜಲ. ಮೈಲಿಗೆಯಾದ ಜಾಗಕ್ಕೆ ಗಂಜಲ ಚಿಮುಕಿಸಿದರೆ ಮಡಿಯಾಗುತ್ತದೆ ಎಂಬುದು ಅಜ್ಜಿ ಮದುವೆಯಾಗಿ ಬಂದಾಗಿನಿಂದ ನಡೆದ ಪದ್ಧತಿ. "ಶಿವಶಿವಾ" ಎನ್ನುತ್ತಾ ಕಂಬದ ಬುಡಕ್ಕೆ ಚಿಮುಕಿಸಿದಳು. ಮಂಡಕ್ಕಿ ಮೂಗು ಅರಳಿಸಿಕೊಂಡು ಬಂತು. ಆಹಾ, ಯಾರೋ ದೊಡ್ಡವರೇ ಇಲ್ಲಿ ಮಾಡಿ ಹೋಗಿದ್ದಾರೆ ಎಂದು ಗೌರವದಿಂದ ನೋಡಿತು. ತಾನೂ ಒಂದು ಕೈ ಸೇರಿಸಿತು. ಅಜ್ಜಿ ಮತ್ತೆ ಚಿಮುಕಿಸಿದಳು. ಮಂಡಕ್ಕಿ ಕರೆಗೆ ಓಗೊಟ್ಟಿತು. ಹೀಗೆ ಮಡಿಯೂ ಮೈಲಿಗೆಯೂ ಒಂದನ್ನೊಂದು ಅಟ್ಟಿಸಿಕೊಂಡು ನಮ್ಮ ಕಂಬವನ್ನು ಸುತ್ತುತ್ತಿದ್ದವು.

ಗುಟ್ಟೇನೋ ಸಿಕ್ಕಿತು. ಅಜ್ಜಿಗೆ ಹೇಳುವುದು ಹೇಗೆ? "ಅಜ್ಜಿ, ನಿನ್ನ ಗಂಜಲ ನಾಯಿಗೆ ಕಕ್ಕಸಿನ ಬೋರ್ಡು" ಎಂದು ಹೇಳಿ ಬದುಕಿದವರು ನಮ್ಮ ವಂಶದಲ್ಲಿ ಇಲ್ಲ. ಸುಮ್ಮನಿರೋಣವೆಂದರೆ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಆಗ ನನ್ನ ಮಿದುಳು, ಪರೀಕ್ಷೆಯಲ್ಲಿ ಎಂದೂ ಮಾಡದ ಕೆಲಸವನ್ನು ಮಾಡಿತು. ನಮ್ಮ ಮನೆಯಲ್ಲಿ ಚಹಾಪುಡಿ ಕುದಿಸಿ, ಹಾಲು ಬೆರೆಸುವ ಮೊದಲು ಅಮ್ಮ ಪಾತ್ರೆ ಇಳಿಸಿಟ್ಟು ಸ್ನಾನಕ್ಕೆ ಹೋಗುತ್ತಾಳೆ. ಆ ಕೆಂಪು ನೀರನ್ನು ಒಂದಿಷ್ಟು ಕದ್ದು ತಣ್ಣೀರು ಬೆರೆಸಿದರೆ ಬಣ್ಣ ಗಂಜಲದ್ದೇ ತದ್ರೂಪು. ಗಂಜಲವನ್ನು ದಾಸವಾಳದ ಬುಡಕ್ಕೆ ಸುರಿದು, ಬಾಟಲಿ ತೊಳೆದು, ಚಹಾ ತುಂಬಿಸಿದೆ. ಪಾಪಪ್ರಜ್ಞೆಗೆ ಒಂದು ಚಿಟಿಕೆ ವಿಭೂತಿಯನ್ನೂ ಹಾಕಿದೆ.

ಪರಿಣಾಮವನ್ನು ಏನೆಂದು ಹೇಳಲಿ! ವಾರ ಕಳೆಯುವುದರೊಳಗೆ ಮಂಡಕ್ಕಿ ಕಂಬವನ್ನು ಮರೆಯಿತು. ಹಿತ್ತಲ ಬಾಗಿಲ ಹತ್ತಿರ ಹೋಗಿ ಕುಂಯ್ ಎಂದು ನನ್ನನ್ನು ಕರೆಯತೊಡಗಿತು. ಅಜ್ಜಿ ಬೀದಿಗೆಲ್ಲ ಹೇಳಿಕೊಂಡು ಬಂದಳು: "ಆ ಹುಡುಗಿ ಮೊಬೈಲ್ ನೋಡಿ ಏನ್ ಕಿಸಿದ್ಲು? ಗಂಜಲ ಬಿಡದೆ ಹೊಡೆದೆ ನೋಡ್ರಿ, ನಾಯಿಗೂ ಮಡಿ ಬಂತು." ನಾನು ವಿನಯದಿಂದ ತಲೆ ತಗ್ಗಿಸಿದೆ. ನನ್ನ ಜೀವನದಲ್ಲಿ ಜಂಬ ಕೊಚ್ಚಿಕೊಳ್ಳಲಾಗದೆ ಹೊಟ್ಟೆನೋವು ಬಂದದ್ದು ಅದೇ ಮೊದಲು.

ಅಮಾವಾಸ್ಯೆ ಭಾನುವಾರ ಬಂತು. ಪೂಜೆಯ ದಿನವೆಂದು ಅಜ್ಜಿ ಬಾಟಲಿ ಬಗ್ಗಿಸಿ ಧಾರಾಳವಾಗಿ ಚಿಮುಕಿಸಿದಳು. ಮಧ್ಯಾಹ್ನ ಅಂಗಡಿಯ ಪೂಜೆ ಮುಗಿಸಿ ಅಪ್ಪಾಜಿ ಒಂದು ಕೈಯಲ್ಲಿ ತೆಂಗಿನಕಾಯಿ ಹೋಳು, ಇನ್ನೊಂದು ಕೈಯಲ್ಲಿ ಮುಚ್ಚಳದ ಬುಟ್ಟಿ ಹಿಡಿದು ಒಳಗೆ ಬಂದರು. ಕಂಬದ ಹತ್ತಿರ ಕಾಲಿಟ್ಟವರು ನಿಂತರು. ಎತ್ತಿದ ಪಾದ ಚಟ್ ಎಂದು ಸದ್ದು ಮಾಡಿತು.

"ಏನಿದು, ನೆಲ ಅಂಟ್ತೈತೆ? ಮತ್ತೆ ಹೊಯ್ದೈತಾ? ಸಾಕು. ಹಿಡಿ ಈ ಬುಟ್ಟಿ. ಎರಡು ಗಂಟೆ ಬಸ್ಸಿಗೆ ಜಗಳೂರಿಗೆ ಹೋಗ್ಲಿ."

ಬಗ್ಗಿ ನೋಡಿದರು. ಕಂಬದಿಂದ ಹೊಸಲವರೆಗೆ ಇರುವೆಗಳ ಸಾಲು ಮೆರವಣಿಗೆ ಹೊರಟಿತ್ತು. "ಇರುವೆ ಬೇರೆ ಮುತ್ತಿದಾವೆ. ಇದಕ್ಕೆ ಶುಗರ್ ಐತೇನೇ?"

ಅಮ್ಮ ಚಹಾಪುಡಿಯ ಜೊತೆಗೇ ಸಕ್ಕರೆಯನ್ನೂ ಕುದಿಸುತ್ತಾಳೆ ಎಂಬುದು ಈ ಮಹಾ ವಿಜ್ಞಾನಿಗೆ ಹೊಳೆದೇ ಇರಲಿಲ್ಲ. ನಿಜ ಹೇಳಿದರೆ ಅಜ್ಜಿಯ ಮಡಿ ಬೀದಿಪಾಲು, ಸುಮ್ಮನಿದ್ದರೆ ಮಂಡಕ್ಕಿ ಕುರಿನಾಯಿಗಳ ಪಾಲು. ಮಂಡಕ್ಕಿ ಬುಟ್ಟಿಯನ್ನು ಮೂಸಿ ನನ್ನ ಕಾಲ ಹಿಂದೆ ಬಂದು ನಿಂತಿತು.

"ಅಪ್ಪಾಜಿ, ಅದು ಮರಿದಲ್ಲ, ಅದು..." ಎಂದೆ.

"ಚಾ ಕಣಪ್ಪ," ಎಂದಳು ಅಜ್ಜಿ ಮಂಚದಿಂದ. "ನಾನೇ ಚೆಲ್ಲಿದ್ದು."

"ಇಷ್ಟು ಕಡೆ ಚೆಲ್ಲಿದೀಯೇನವ್ವ?"

"ಕೈ ನಡುಗ್ತಾವೆ. ವಯಸ್ಸಾತು. ಅದಕ್ಕೆ ನನ್ನೂ ಜಗಳೂರಿಗೆ ಕಳಿಸ್ತೀಯೇನು?"

ಅಪ್ಪಾಜಿ ತಾಯಿಯನ್ನು ನೋಡಿದರು, ಇರುವೆಗಳನ್ನು ನೋಡಿದರು. ಬುಟ್ಟಿಯನ್ನು ಅಟ್ಟಕ್ಕೆ ಎಸೆದು ಕಾಲು ತೊಳೆಯಲು ಹೋದರು. ಜಗಳೂರಿನ ಪ್ರಸ್ತಾಪ ಅಲ್ಲಿಗೆ ಮುಗಿಯಿತು.

ನಾನು ಬಟ್ಟೆ ತಂದು ನೆಲ ಒರೆಸತೊಡಗಿದೆ. ಅಜ್ಜಿ, ಕೈ ನಡುಗುತ್ತಿರುವ ಅದೇ ಅಜ್ಜಿ, ಸೂಜಿಗೆ ಒಂದೇ ಏಟಿಗೆ ದಾರ ಪೋಣಿಸುತ್ತಾ ಕೂತಿದ್ದಳು.

"ಹುಟ್ಟಿದಾಗಿಂದ ದನ ಕಟ್ಟಿದೋಳು ನಾನು. ಗಂಜಲ ಯಾವುದು, ಚಾ ಯಾವುದು ಅಂತ ಗೊತ್ತಾಗಲ್ವೇನೇ ನಂಗೆ?"

"ಮತ್ತೆ ದಿನಾ ಯಾಕೆ ಚಿಮುಕಿಸಿದೆ ಅಜ್ಜಿ?"

"ಮರಿ ನಿಲ್ಲಿಸ್ತಲ್ಲ." ದಾರಕ್ಕೆ ಗಂಟು ಹಾಕಿದಳು. ಮಂಡಕ್ಕಿ ಅವಳ ಮಡಿಲಿಗೆ ಹಾರಿತು, ಅವಳು ನೂಕಲಿಲ್ಲ. "ನಾಳೆಯಿಂದ ಸಕ್ಕರೆ ಹಾಕಬ್ಯಾಡ."

"ಯಾವುದಕ್ಕೆ ಸಕ್ಕರೆ?"

ಅಡುಗೆಮನೆಯ ಬಾಗಿಲಲ್ಲಿ ಅಮ್ಮ, ಕೈಯಲ್ಲಿ ಚಹಾದ ಪಾತ್ರೆ. ಅದರ ತಳ ನೋಡುತ್ತಿದ್ದಳು. ಆಮೇಲೆ ನಮ್ಮನ್ನು ನೋಡಿದಳು.

ಯಾರೂ ಆಜ್ಞೆ ಮಾಡಲಿಲ್ಲ, ಬೆರಳು ಎತ್ತಲಿಲ್ಲ, ಬಹುಮಾನದ ಆಸೆಯೂ ಇರಲಿಲ್ಲ. ನಾನು, ಅಜ್ಜಿ, ಮಂಡಕ್ಕಿ ಮೂವರೂ ತಲೆ ತಗ್ಗಿಸಿ ಎದ್ದು, ಸಾಲಾಗಿ ಹಿತ್ತಲಿಗೆ ನಡೆದೆವು.