ಒದ್ದೆ ಸೊಪ್ಪು ಮುಟ್ಟಿಸದ ಅಕ್ಕ

ಶಿಡ್ಲಘಟ್ಟದ ಆಚೆಯ ಹಳ್ಳಿಗಳಲ್ಲಿ ನಮ್ಮಕ್ಕ ರಾಮಲಕ್ಷ್ಮಮ್ಮನಿಗಿದ್ದ ಹೆಸರು ಯಾವ ಗಂಡಸಿಗೂ ಇರಲಿಲ್ಲ. ಹದಿನೈದಕ್ಕೇ ಮದುವೆಯಾಗಿ ಹೋದವಳು ಅತ್ತೆ ಅಮ್ಮಾಜಮ್ಮನಿಂದ ರೇಷ್ಮೆ ಹುಳ ಸಾಕುವುದನ್ನು ಕಲಿತಳು; ಕಲಿತು ಅತ್ತೆಯನ್ನೇ ಮೀರಿಸಿದಳು. ಊರಿಗೆಲ್ಲ ಬೆಳೆ ಹೋದರೂ ಹುಳ ಹಣ್ಣಾದಾಗ ಬಿಡುವ ಅವಳ ಬಿದಿರಿನ ಚಂದ್ರಿಕೆಯ ತುಂಬ ಗೂಡು ಕಟ್ಟಿರುತ್ತಿತ್ತು.

ಆದರೆ ಹುಳ ಇದ್ದಷ್ಟು ದಿನ ಅವಳ ಮನೆಗೆ ನೆಂಟರಾಗಿ ಹೋಗುವುದೆಂದರೆ ಜೈಲಿಗೆ ಹೋದ ಹಾಗೆ. ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದುವವರು ಹಿತ್ತಲಾಚೆ ಹೋಗಬೇಕು. ವಾಸನೆ ತಾಗಿದರೆ ಹುಳ ಮೇವು ಬಿಡುತ್ತದಂತೆ. ನಿನ್ನ ಹುಳಕ್ಕಿರುವ ಮರ್ಯಾದೆ ಒಡಹುಟ್ಟಿದವಳಿಗಿಲ್ಲವಲ್ಲ ಎಂದು ನಾನು ರೇಗಿಸಿದರೆ, ನೀನೇನು ಗೂಡು ಕಟ್ಟುತ್ತೀಯಾ ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಎಲ್ಲಕ್ಕಿಂತ ದೊಡ್ಡ ಕಟ್ಟಳೆ ನೀರಿನದು. ಒದ್ದೆ ಸೊಪ್ಪು ತಿಂದ ಹುಳಕ್ಕೆ ಸಪ್ಪೆ ರೋಗ ಬರುತ್ತದೆ. ಬಾಯಲ್ಲಿ ರಸ ಕಕ್ಕಿ, ಮೆತ್ತಗಾಗಿ, ಸತ್ತುಹೋಗುತ್ತದೆ. ಮಳೆ ಬಂದ ದಿನ ಅಕ್ಕ ಹಿಪ್ಪುನೇರಳೆ ಸೊಪ್ಪನ್ನು ಪಡಸಾಲೆಯಲ್ಲಿ ಹರವಿಕೊಂಡು ಕೂತು ಹಳೇ ಸೀರೆಯಿಂದ ಒಂದೊಂದೇ ಎಲೆಯನ್ನು ಒರೆಸುತ್ತಿದ್ದಳು. ನಮ್ಮ ಭಾವ ಚಿಕ್ಕವೆಂಕಟಪ್ಪನವರು ಊರಿಗೆ ನ್ಯಾಯ ಹೇಳುವ ಮನುಷ್ಯ. ಹುಳದ ವಿಷಯಕ್ಕೆ ಬಂದರೆ ಮಾತ್ರ ಅಕ್ಕ ಹಾಕಿದ ಗೆರೆ ದಾಟುತ್ತಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತಾರರಲ್ಲಿ ಭಾವನ ಕತ್ತಿನಲ್ಲಿ ಗಂಟುಗಳೆದ್ದವು. ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಕ್ಯಾನ್ಸರ್ ಎಂದರು. ಹೊಸ ಔಷಧವೊಂದು ಬಂದಿದೆ, ನರಕ್ಕೆ ಸೂಜಿ ಹಾಕುತ್ತೇವೆ, ಗಂಟು ಕರಗಿದರೂ ಕರಗಬಹುದು ಎಂದರಂತೆ. ಅಕ್ಕನ ಮನೆಯಲ್ಲಿ ಆಗ ಹುಳ ಪೊರೆ ಬಿಡುವ ನಾಲ್ಕನೇ ಜ್ವರದಿಂದ ಎದ್ದು ಹಗಲೂ ರಾತ್ರಿ ಮೇಯುವ ಸಮಯ. ಅವಳಿಗೆ ಹೊರಡಲಾಗಲಿಲ್ಲ. ಭಾವ ಒಬ್ಬರೇ ಹೋಗಿ ಸೂಜಿ ಹಾಕಿಸಿಕೊಂಡು ಬಸ್ಸಿನಲ್ಲಿ ವಾಪಸು ಬಂದರು.

ಸುದ್ದಿ ತಿಳಿದು ನಾನು ಎರಡು ದಿನ ಬಿಟ್ಟು ಚಿಂತಾಮಣಿಯಿಂದ ಹೋದೆ. ಅಕ್ಕ ಹಿತ್ತಲಲ್ಲೇ ಸಿಕ್ಕಳು. ಭಾವನಿಗೆ ಬಂದ ಗಳಿಗೆಯಿಂದ ವಾಂತಿಯಂತೆ, ಗುಟುಕು ನೀರು ಕುಡಿದರೂ ಚೊಂಬಿನಷ್ಟು ಕಕ್ಕುತ್ತಿದ್ದರಂತೆ. ಅದಕ್ಕೆ ನೀರನ್ನೇ ನಿಲ್ಲಿಸಿ, ಬರೀ ಹುರಿಹಿಟ್ಟು ಬಾಯಿಗೆ ಹಾಕುತ್ತಿದ್ದಳಂತೆ.

"ಥೇಟು ಸಪ್ಪೆ ಹಿಡಿದ ಹುಳ ಆಗೋಗಿದ್ರು ಕಣೇ. ಒಣಗಿಸ್ದೆ. ಬೆಳಿಗ್ಗೆಯಿಂದ ಒಂದು ಸಲಾನೂ ವಾಂತಿ ಇಲ್ಲ ನೋಡು" ಎಂದಳು. ಬೆಳೆ ಉಳಿಸಿಕೊಂಡಾಗ ಇರುತ್ತಿದ್ದ ಗೆಲುವು ಅವಳ ಮುಖದಲ್ಲಿತ್ತು.

ಇಬ್ಬರೂ ಒಳಗೆ ಹೋದೆವು. ಮಂಚದ ಮೇಲೆ ಭಾವ ಇರಲಿಲ್ಲ.

ಪಡಸಾಲೆಯಲ್ಲಿ ಬೆಳಗಿನ ಮಳೆಗೆ ನೆನೆದ ಸೊಪ್ಪು ಹರವಿತ್ತು. ಅದರ ನಡುವೆ ಭಾವ ಮೊಣಕಾಲೂರಿ ಬಗ್ಗಿದ್ದರು. ಒಂದೊಂದೇ ಎಲೆ ಎತ್ತಿ, ಅದರ ಮೇಲಿನ ಹನಿಯನ್ನು ನೆಕ್ಕುತ್ತಿದ್ದರು. ನಮ್ಮನ್ನು ಕಂಡ ಕೂಡಲೇ ಕೈಯಲ್ಲಿದ್ದ ಎಲೆಯನ್ನು ಪಂಚೆಯ ತುದಿಯಿಂದ ಒರೆಸಿ, ಒಣಗಿದ ಎಲೆಗಳ ಕಡೆ ಇಟ್ಟರು. ಊರಿಗೆಲ್ಲ ನ್ಯಾಯ ಹೇಳುವ ಮನುಷ್ಯ, ತನ್ನ ಮನೆಯಲ್ಲೇ ನೀರು ಕದ್ದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿದರು.

ನಾನು ಭಾವನನ್ನು ಹಿಡಿದು ಗೋಡೆಗೆ ಒರಗಿಸಿದೆ. ಕಣ್ಣು ಗುಳಿಬಿದ್ದಿತ್ತು, ನಾಲಗೆ ಕರ್ರಗಾಗಿತ್ತು. ಮುಂಗೈ ಚರ್ಮ ಹಿಡಿದೆತ್ತಿದರೆ ಎತ್ತಿದ ಹಾಗೇ ನಿಂತಿತು. ನಿನ್ನೆಯಿಂದ ಒಂದಕ್ಕೂ ಹೋಗಿಲ್ಲ ಎಂದರು. ಪಕ್ಕದ ಮನೆ ಕೊಂಡಪ್ಪನ ಗಾಡಿ ಕಟ್ಟಿಸಿ ಶಿಡ್ಲಘಟ್ಟದ ಆಸ್ಪತ್ರೆಗೆ ಕರೆದೊಯ್ದೆವು. ಅಲ್ಲಿ ತಕ್ಷಣ ಗ್ಲೂಕೋಸ್ ಬಾಟಲಿ ಏರಿಸಿದರು.

ಸಂಜೆ ಹೊತ್ತಿಗೆ ಭಾವ ಕಣ್ಣು ಬಿಟ್ಟು ಮಾತಾಡುವ ಹಾಗಾದರು. ಡಾಕ್ಟರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು ಬಿಡಿಸಿ ಹೇಳಿದರು. ವಾಂತಿ ನಿಂತದ್ದು ವಾಸಿಯಾಗಿ ಅಲ್ಲ, ಕಕ್ಕಲು ಒಳಗೆ ಏನೂ ಉಳಿಯದೆ. ಈ ಔಷಧ ಮೈಯಿಂದ ತೊಳೆದು ಹೋಗುವುದಕ್ಕೇ ನೀರು ಬೇಕು; ಇನ್ನರ್ಧ ದಿನ ತಡವಾಗಿದ್ದರೆ ಮೂತ್ರಪಿಂಡ ಕೈಕೊಡುತ್ತಿತ್ತು. ಇನ್ನು ಮುಂದೆ ಗಂಜಿಗೆ ಉಪ್ಪು ಹಾಕಿ ಕೊಡಿ, ಎಳನೀರು ಕೊಡಿ, ಚೊಂಬು ಎತ್ತಿಸಬೇಡಿ, ಚಮಚ ಚಮಚವಾಗಿ ಕೊಡಿ. ಕಕ್ಕಿದರೆ ಸ್ವಲ್ಪ ಬಿಟ್ಟು ಮತ್ತೆ ಕೊಡಿ. ಒಗ್ಗರಣೆ ವಾಸನೆ ಹತ್ತಿರ ಸುಳಿಯದಿರಲಿ. ಆ ಕೊನೆಯದೊಂದನ್ನು ಮಾತ್ರ ನಮ್ಮಕ್ಕ ಯಾರೂ ಹೇಳದೆಯೇ ಸರಿಯಾಗಿ ಮಾಡಿದ್ದಳು.

ಆಮೇಲೆ ಡಾಕ್ಟರು ಸಿಟ್ಟಿನಿಂದ, ನೀರು ನಿಲ್ಲಿಸಿದ್ದು ಯಾರು ಎಂದು ಕೇಳಿದರು. ಅಕ್ಕ ಬಾಯಿ ತೆರೆಯುವ ಮೊದಲೇ ಮಂಚದ ಮೇಲಿಂದ ಭಾವ, "ನಾನೇ ಬ್ಯಾಡ ಅಂದೆ ಸಾರ್" ಎಂದರು.

ಡಾಕ್ಟರು ಅತ್ತ ಹೋದರು. ಅಕ್ಕ ಮಂಚದ ಪಕ್ಕ ಕೂತಳು. ಬೆಂಗಳೂರಿನಲ್ಲಿ ಇದನ್ನೆಲ್ಲ ಹೇಳಲಿಲ್ಲವಾ ಎಂದು ಮೆಲ್ಲಗೆ ಕೇಳಿದಳು.

"ಹೇಳಿದ್ರು. ಎಷ್ಟು ವಾಂತಿ ಆದ್ರೂ ನೀರು ಬಿಡಬೇಡ, ಕುಡೀತಾನೇ ಇರು ಅಂದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

ಭಾವನಿಗೆ ಆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಅವಳ ಮುಖವನ್ನೇ ನೋಡಿದರು.

"ನಿನ್ನ ಕೈಲಿ ಇದುವರ್ಗೂ ಒಂದು ಹುಳಾನೂ ಸಪ್ಪೆಗೆ ಸತ್ತಿಲ್ವಲ್ಲ ಕಣೇ. ಅವರಿಗಿಂತ ನಿಂಗೇ ಚೆನ್ನಾಗ್ ಗೊತ್ತಿರುತ್ತೆ ಅಂದ್ಕೊಂಡೆ."

ಅಪ್ಪ ಅಮ್ಮ ತೀರಿಕೊಂಡಾಗ ಅಕ್ಕ ಗೋಳಾಡಿದ್ದನ್ನು ನಾನು ಕಂಡಿದ್ದೆ. ಇದು ಹಾಗಿರಲಿಲ್ಲ. ಆಸ್ಪತ್ರೆಯವರು ತಂದಿಟ್ಟಿದ್ದ ಗಂಜಿಯ ಲೋಟ ಎಳೆದುಕೊಂಡು ಒಂದು ಚಮಚ ಎತ್ತಿದಳು. ಬಾಯಿಗೆ ತಲುಪುವ ಮೊದಲೇ ಗಂಜಿಯೆಲ್ಲ ಭಾವನ ಎದೆಯ ಮೇಲೆ ಚೆಲ್ಲಿತು. ಮತ್ತೆ ಎತ್ತಿದಳು, ಮತ್ತೆ ಚೆಲ್ಲಿತು. ಆಗ ಭಾವನೇ ಸೂಜಿಯಿಲ್ಲದ ಕೈಯಿಂದ ಅವಳ ಮಣಿಕಟ್ಟು ಹಿಡಿದು, ಚಮಚವನ್ನು ತಮ್ಮ ಬಾಯಿಗೆ ತಂದುಕೊಂಡರು.