ಹುಲಿ ತೂಬು, ಹುಳಿ ತೂಬು

ಇಂಗ್ಲಿಷಿನ ಒಂದು ದೊಡ್ಡ ಎಲ್ ಅಕ್ಷರಕ್ಕಾಗಿ ನಾನು ತೆತ್ತದ್ದು ಮುಂದಿನ ಎರಡು ಹಲ್ಲು, ಒಂದು ಪ್ರಿಂಟರ್. ಭೀಮಣ್ಣ ಎಂಬ ರೈತ ತೆತ್ತದ್ದು ಬಲಗೈಯ ಎರಡು ಬೆರಳು. ತಪ್ಪು ನನ್ನದಾಗಿದ್ದರಿಂದ ಅವನದನ್ನೇ ಮೊದಲು ಹೇಳಬೇಕಿತ್ತು.

1988ನೇ ಇಸವಿ. ಬಳ್ಳಾರಿಯಲ್ಲಿ ಒಂದು ಮಹಡಿಯ ಮೇಲೆ ನನ್ನ ಕಂಪ್ಯೂಟರ್ ಜಾಬ್‌ವರ್ಕ್ ಅಂಗಡಿ. ನಾನು ಕುರುಗೋಡಿನವನು. ಎಸ್ಸೆಸ್ಸೆಲ್ಸಿ ಫೇಲಾಗಿ, ಟೈಪಿಂಗ್ ಕಲಿತು, ಕೋರ್ಟಿನ ಮುಂದೆ ಬೇವಿನ ಮರದ ಕೆಳಗೆ ಅರ್ಜಿ ಬಡಿಯುತ್ತ ಮೇಲೆ ಬಂದವನು. ಅಂಗಡಿಯಲ್ಲಿದ್ದದ್ದು ಡಾಸ್ ಎಂಬ ಆಪರೇಟಿಂಗ್ ಸಿಸ್ಟಂನ ಒಂದೇ ಪಿಸಿ. ದೊಡ್ಡ ಕೆಲಸ ಬಂದರೆ ಒಂದು ಗಣಿ ಆಫೀಸಿನ ಯುನಿಕ್ಸ್ ಯಂತ್ರವನ್ನು ಚೌಕಾಸಿ ಮಾಡಿ ಬಾಡಿಗೆಗೆ ಹಿಡಿಯುತ್ತಿದ್ದೆ. ಅಲ್ಲಿ ಮೂವರು ಒಟ್ಟಿಗೆ ಕೂತು ಟೈಪ್ ಮಾಡಬಹುದಿತ್ತು. ಆದರೆ ಪ್ರಿಂಟರ್ ಮುಟ್ಟಲು ಅವರು ಬಿಡುತ್ತಿರಲಿಲ್ಲ. ಹಾಗಾಗಿ ಫೈಲುಗಳನ್ನು ಫ್ಲಾಪಿಗೆ ಹಾಕಿಕೊಂಡು ಬಂದು ನನ್ನ ಅಂಗಡಿಯಲ್ಲಿ ಮುದ್ರಿಸಬೇಕಿತ್ತು.

ಆ ವರ್ಷ ಸಿರುಗುಪ್ಪ ತಾಲೂಕಿನ ದೇಶನೂರು ಕಡೆಯ ರೈತರ ಸಂಘವೊಂದು ಹನ್ನೆರಡು ತೂಬುಗಳ ನೀರಿನ ಸರದಿ ಪಟ್ಟಿ ಮಾಡಿಕೊಡಲು ಕೇಳಿತು. ತೂಬು ಎಂದರೆ ಕಾಲುವೆಯಿಂದ ಹೊಲಕ್ಕೆ ನೀರು ಬಿಡುವ ಬಾಗಿಲು. ಯಾರಿಗೆ ಯಾವ ದಿನ, ಎಷ್ಟು ಹೊತ್ತು ನೀರು ಎಂಬುದು ಆ ಪಟ್ಟಿಯಲ್ಲಿರುತ್ತದೆ. ಭತ್ತ ಹೊಡೆ ತುಂಬುವ, ಅಂದರೆ ಒಳಗೆ ತೆನೆ ಕಟ್ಟುವ ಸಮಯ. ಒಂದು ಸರದಿ ತಪ್ಪಿದರೆ ಕೈಗೆ ಬರುವುದು ಬರೀ ಜೊಳ್ಳು.

ಆ ತೂಬುಗಳಲ್ಲಿ ಎರಡರ ಹೆಸರು ಹುಲಿ ತೂಬು ಮತ್ತು ಹುಳಿ ತೂಬು. ಮೊದಲನೆಯದರ ಕಲ್ಲಿನ ಮೇಲೆ ಹುಲಿಯ ಗುರುತು. ಅದಕ್ಕಿಂತ ಕೆಳಗಿದ್ದ ಎರಡನೆಯದರ ಪಕ್ಕ ಹುಳಿಮರ. ಇಂಗ್ಲಿಷಿನಲ್ಲಿ ಳಕಾರ ಇಲ್ಲವಲ್ಲ, ಅದಕ್ಕೆ ನಾನೇ ಒಂದು ಜಾಣತನ ಮಾಡಿದೆ: ಲಕಾರಕ್ಕೆ ಚಿಕ್ಕ ಎಲ್, ಳಕಾರಕ್ಕೆ ದೊಡ್ಡ ಎಲ್. ಯುನಿಕ್ಸ್ ಚಿಕ್ಕಕ್ಷರವನ್ನೂ ದೊಡ್ಡಕ್ಷರವನ್ನೂ ಬೇರೆ ಬೇರೆ ಎಂದೇ ಎಣಿಸುತ್ತದೆ. ಅಲ್ಲಿ ಎರಡು ಫೈಲುಗಳೂ ಸುಖವಾಗಿದ್ದವು. ಡಾಸ್ ಎಲ್ಲವನ್ನೂ ದೊಡ್ಡಕ್ಷರ ಮಾಡಿಬಿಡುತ್ತದೆ. ಅದರ ಕಣ್ಣಿಗೆ ಎರಡೂ ಒಂದೇ HULI. ನಕಲು ಮಾಡುವಾಗ ಹುಳಿಯ ಪಟ್ಟಿ ಹುಲಿಯ ಪಟ್ಟಿಯ ಮೇಲೆ ಕೂತಿತು. ಹುಲಿಯ ಪಟ್ಟಿ ಅಳಿಸಿಹೋಯಿತು.

ನನ್ನ ಆಪರೇಟರ್ ಸರೋಜಾ ಅಂದೇ ಹೇಳಿದ್ದಳು. "ಅಣ್ಣಾರ, ಹನ್ನೆರಡು ಫೈಲ್ ಹಾಕೀವಿ. ಇಲ್ಲಿ ಹನ್ನೊಂದೇ ಅದಾವ ನೋಡ್ರಿ."

"ಕಾಗದ ಎಷ್ಟು ಬಂದ್ವು?"

"ಹನ್ನೆರಡು ಬಂದಾವ, ಖರೇ. ಆದ್ರ..."

"ಹಂಗಾದ್ರ ಮುಗೀತು. ಕಟ್ಟು."

ಹನ್ನೆರಡು ಹೆಸರು ಕೊಟ್ಟು ಮುದ್ರಿಸು ಎಂದಿದ್ದೆವು. ಡಾಸ್ ಒಂದೇ ಫೈಲನ್ನು ಎರಡು ಸಲ ಮುದ್ರಿಸಿತ್ತು. ಫೈಲಿನ ಹೆಸರೇ ಕಾಗದದ ತಲೆಬರಹ. ಸಂಘದವರು ಅಲ್ಲಿ HULI ಎಂದಿದ್ದದ್ದನ್ನಷ್ಟೇ ನೋಡಿ, ಒಳಗಿನ ಹೆಸರು ಓದದೆ, ಎರಡೂ ತೂಬುಗಳಿಗೆ ಒಂದೊಂದು ಅಂಟಿಸಿದರು.

ಮೂರನೆಯ ದಿನ ಬೆಳಿಗ್ಗೆ ಹುಳಿ ತೂಬಿನವರು ಗುಂಪಾಗಿ ಮೇಲೆ ಬಂದು ಹುಲಿ ತೂಬನ್ನು ಮುಚ್ಚಿದರು. ಮೇಲೆ ಮುಚ್ಚಿದರೆ ಕೆಳಗಿನವರಿಗೆ ನೀರು ಹೆಚ್ಚು. "ಪಟ್ಟಿಯಾಗ ನಮ್ಮ ಹೆಸರೈತಿ, ನೀರು ನಮ್ದು" ಎಂದು ಅವರ ಮುಂದಾಳು ಈರಣ್ಣ ಬಾಗಿಲ ಮೇಲೆಯೇ ಕೂತ. ಹುಲಿ ತೂಬಿನ ಭೀಮಣ್ಣ ಅವನ ಕಾಲು ಹಿಡಿದು ಎಳೆದ. ಈರಣ್ಣ ಕುಡುಗೋಲು ಬೀಸಿದ. ಭೀಮಣ್ಣನ ಎರಡು ಬೆರಳು ನೀರಿಗೆ ಬಿದ್ದವು. ಸಲಿಕೆಯ ಏಟಿಗೆ ಇನ್ನೊಬ್ಬನ ತಲೆ ಸೀಳಿತು.

ಹನ್ನೊಂದು ಗಂಟೆಗೆ ಭೀಮಣ್ಣನ ಅಣ್ಣ ಲಿಂಗಪ್ಪ ಐವರೊಂದಿಗೆ ನನ್ನ ಮೆಟ್ಟಿಲು ಹತ್ತಿದ. ಕೈಯಲ್ಲಿ ತೂಬಿನ ಬಾಗಿಲು ಎತ್ತುವ ಕಬ್ಬಿಣದ ಹಿಡಿ, ಅಂಗಿಯ ಮೇಲೆ ತಮ್ಮನ ರಕ್ತ.

"ಯಾವನ್ಲೇ ಪಟ್ಟಿ ಮಾಡಿದಾವ?"

"ನಾನು" ಎಂದೆ. ಮಾತು ಮುಗಿಯುವ ಮೊದಲೇ ಹಿಡಿ ಬಾಯಿಗೆ ಬಿತ್ತು. ನೆಲಕ್ಕೆ ಬಿದ್ದವನ ಪಕ್ಕೆಗೆ ಒದ್ದರು. ಪ್ರಿಂಟರನ್ನು ಎತ್ತಿ ಕಿಟಕಿಯಿಂದ ಬೀದಿಗೆ ಎಸೆದರು. "ಎಷ್ಟು ತಿಂದೀಲೇ ಅವ್ರ ಕಡಿಂದ?" ಎಂದು ಲಿಂಗಪ್ಪ ಮತ್ತೆ ಹಿಡಿ ಎತ್ತಿದ.

ಚೌಕಾಸಿಯವನಿಗೆ ಎದುರಿನವನಿಗೆ ಬೇಕಾದದ್ದು ಏನೆಂದು ಗೊತ್ತಿರಬೇಕು. ಸಂಜೆ ನಾಲ್ಕಕ್ಕೆ ಹುಲಿ ತೂಬಿನವರ ಸರದಿ. ಪಟ್ಟಿ ಇಲ್ಲದೆ ಹೋದರೆ ಹೆಣ ಬೀಳುತ್ತದೆ.

"ಲಿಂಗಪ್ಪಣ್ಣ, ನನ್ನ ಕೊಂದ್ರ ನಿಮ್ಮ ಹೆಸರು ಪಟ್ಟಿಯಾಗ ಬರಂಗಿಲ್ಲ. ನಾಕರ ತನ ಟೈಂ ಕೊಡ್ರಿ. ಆಗ್ಲೂ ತಪ್ಪಿದ್ರ ಕಾಲುವಿಗೆ ಎಸೀರಿ."

"ಮೂರಕ್ಕ ಬೇಕು."

"ಮೂರೂವರಿ."

"ಬಾಯ್ತುಂಬ ರಕ್ತ ಇಟ್ಕೊಂಡು ಚೌಕಾಸಿ ಮಾಡ್ತಾನ ನೋಡ್ರಲೇ ನನ್ ಮಗ!" ಎಂದ. ಆದರೆ ಹಿಡಿ ಕೆಳಗಿಳಿಯಿತು.

ಗಣಿ ಆಫೀಸಿಗೆ ನನ್ನನ್ನು ಎಳೆದುಕೊಂಡೇ ಹೋದರು. ಸರೋಜಾ ಹಿಂದೆಯೇ ಬಂದಳು. ಯುನಿಕ್ಸ್ ಪರದೆಯಲ್ಲಿ ಎರಡೂ ಫೈಲು ಹಾಗೇ ಇದ್ದವು. ಸರೋಜಾ ಬೆರಳಿಟ್ಟು ತೋರಿಸಿದಳು: ಇದು ಚಿಕ್ಕ ಎಲ್, ಇದು ದೊಡ್ಡದು, ನಮ್ಮ ಅಂಗಡಿಯ ಯಂತ್ರಕ್ಕೆ ಎರಡೂ ಒಂದೇ. ಲಿಂಗಪ್ಪ ಬಗ್ಗಿ ನೋಡಿದ.

"ಹುಲಿಗೂ ಹುಳಿಗೂ ಫರಕ್ ಗೊತ್ತಿಲ್ಲದ ಮಷೀನಿಗೆ ನನ್ನ ತಮ್ಮನ ಬೆರಳು ಹೋದ್ವೇನು?"

ಪ್ರಿಂಟರ್ ಬೀದಿಯಲ್ಲಿ ಚೂರಾಗಿತ್ತು. ಸರೋಜಾ ಪರದೆ ನೋಡುತ್ತ ಮೂವತ್ತನಾಲ್ಕು ಹೆಸರುಗಳನ್ನು ಕೈಯಿಂದ, ಕನ್ನಡದಲ್ಲಿ ಬರೆದಳು.

ಮೂರೂವರೆಗೆ ನಮ್ಮೆಲ್ಲರನ್ನೂ ತುಂಬಿಕೊಂಡು ಬಂದ ಟೆಂಪೊ ಹುಲಿ ತೂಬಿನ ಹತ್ತಿರ ನಿಂತಿತು. ಒಂದು ದಂಡೆಯ ಮೇಲೆ ಕೊಡಲಿ, ಇನ್ನೊಂದರ ಮೇಲೆ ಬಡಿಗೆ. ಈರಣ್ಣ ಬಾಗಿಲ ಮೇಲಿಂದ ಎದ್ದಿರಲಿಲ್ಲ. ನಾನು ಕಾಗದ ಎತ್ತಿ ಹಿಡಿದು, ಇದು ಹುಲಿ ತೂಬಿನ ಪಟ್ಟಿ ಎಂದು ಕೂಗಲು ಹೋದೆ. ನಾಲಿಗೆಯ ತುದಿ ತಾಗಲು ಹಲ್ಲೇ ಇರಲಿಲ್ಲ. ಬಾಯಿಂದ ಬಂದದ್ದು ಹುಲಿಯೂ ಅಲ್ಲ, ಹುಳಿಯೂ ಅಲ್ಲ.

"ಇವ್ನ ಬಾಯಾಗೂ ಫರಕ್ ಇಲ್ಲಲೇ!" ಎಂದು ಯಾರೋ ಅರಚಿದ. ಕಲ್ಲೊಂದು ಬಂದು ನನ್ನ ಹೆಗಲಿಗೆ ಬಡಿಯಿತು.

ಸರೋಜಾ ಕಾಗದ ಕಿತ್ತುಕೊಂಡಳು. ಒಂದೊಂದೇ ಹೆಸರು ಓದಿದಳು, ಹೆಸರಿನ ಜೊತೆ ಹೊಲ, ಸರದಿಯ ಹೊತ್ತು. ಕರೆದವರು ಒಬ್ಬೊಬ್ಬರೇ "ಅದೀನಿ" ಎಂದರು. ಹುಳಿ ತೂಬಿನವರಿಗೆ ಆ ಹೊಲಗಳೆಲ್ಲ ಗೊತ್ತು, ಸುಳ್ಳೆನ್ನಲು ಬರುವಂತಿರಲಿಲ್ಲ. ಭೀಮಣ್ಣನ ಹೆಸರಿಗೆ ಯಾರೂ ಓಗೊಡಲಿಲ್ಲ.

"ದವಾಖಾನ್ಯಾಗ ಅದಾನ, ಓದವ್ವ ಮುಂದ" ಎಂದ ಲಿಂಗಪ್ಪ.

ಈರಣ್ಣ ಬಾಗಿಲ ಮೇಲಿಂದ ಎದ್ದ. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವನು ಪಕ್ಕದಲ್ಲಿ ಹಾದುಹೋಗುವಾಗ ಲಿಂಗಪ್ಪ ಹಿಡಿ ಬೀಸಿದ. ಈರಣ್ಣನ ಭುಜದ ಎಲುಬು ಮುರಿದ ಸದ್ದು ನನಗೂ ಕೇಳಿಸಿತು. ಕೊಡಲಿಗಳು ಮೇಲೆದ್ದವು. ಈರಣ್ಣನೇ ನೆಲದ ಮೇಲಿಂದ ಕೂಗಿದ: "ಬ್ಯಾಡ್ರಲೇ! ಇದು ಬೆರಳಿಂದು. ಮುಗೀತು." ಅದೇ ಹಿಡಿಯನ್ನು ಸಿಕ್ಕಿಸಿ ಲಿಂಗಪ್ಪ ಬಾಗಿಲು ಎತ್ತಿದ. ನೀರು ನುಗ್ಗಿತು.

ಭೀಮಣ್ಣ ಆ ಸಲದ ಭತ್ತವನ್ನು ಎಡಗೈಯಲ್ಲಿ ಕೊಯ್ದ. ನಾನು ನೋಡಲು ಹೋದಾಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಈ ಕಸುಬಿಗೆ ಬರುವವರಿಗೆ ನನ್ನ ಮಾತು ಇಷ್ಟು. ಒಂದು ಯಂತ್ರದಿಂದ ಇನ್ನೊಂದಕ್ಕೆ ಹೋಗುವ ಫೈಲಿನ ಹೆಸರಿನಲ್ಲಿ ಜಾಣತನ ತುಂಬಬೇಡಿ. ಚಿಕ್ಕಕ್ಷರ, ದೊಡ್ಡಕ್ಷರಗಳ ನಡುವಿನ ಭೇದವನ್ನು ನಂಬಬೇಡಿ. ನಂಬರ್ ಕೊಡಿ, ಯಾವ ನಂಬರ್ ಯಾವುದೆಂದು ಕನ್ನಡದಲ್ಲಿ ಕಾಗದದ ಮೇಲೆ ಬರೆದಿಡಿ. ಕೈಕೆಳಗಿನವರು ಒಂದು ಕಡಿಮೆ ಇದೆ ಎಂದರೆ, ಗಿರಾಕಿ ಬಾಗಿಲಲ್ಲೇ ನಿಂತಿದ್ದರೂ ಕೈ ನಿಲ್ಲಿಸಿ. ನಕಲಾದ ಮೇಲೆ ಎಣಿಸಬೇಕಾದದ್ದು ಕಾಗದವನ್ನಲ್ಲ, ಫೈಲನ್ನು. ನೀವು ಎಣಿಸದೆ ಬಿಟ್ಟರೆ, ನಿಮ್ಮ ಹಲ್ಲನ್ನು ಬೇರೆಯವರು ಬಂದು ಎಣಿಸುತ್ತಾರೆ.